ಗುರುವಾರ ಬೇಡ, ಸೋಮವಾರ

ಬೇರೆಂಡ್ ವುಬ್ಸ್ ತಾನು ಸಾಯುವ ದಿನವನ್ನು ಗೊತ್ತುಮಾಡಿಕೊಂಡ ಹೊತ್ತಿನಲ್ಲಿ ಅವನ ಮಗಳು ಫೆನ್ನಾ ಗ್ರೋನಿಂಗನ್ ಪಟ್ಟಣದ ಬಾಡಿಗೆ ಮನೆಯೊಂದರ ಅಡುಗೆಮನೆಯಲ್ಲಿ ನಿಂತು, ದೇಶದಲ್ಲಿ ವರ್ಷಕ್ಕೆ ಎಷ್ಟು ಕೊಡೆ ಮಾರಾಟವಾಗಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಈ ಲೆಕ್ಕದ ಉತ್ತರ ಯಾರಿಗೂ ಬೇಕಿರಲಿಲ್ಲ. ದೊಡ್ಡ ಸಲಹಾ ಕಂಪನಿಗಳು ಕೆಲಸ ಕೇಳಿ ಬಂದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಇಂಥದ್ದನ್ನೇ ಕೇಳುತ್ತವೆ. ಕೇಳಿದ ಕೂಡಲೇ ಗಾಬರಿ ಬೀಳುತ್ತಾರೋ, ಇಲ್ಲ ಮನೆ ಇಷ್ಟು, ಮಂದಿ ಇಷ್ಟು ಎಂದು ಸೌದೆ ಸೀಳಿದಂತೆ ಸೀಳಿಕೊಂಡು ಹೋಗುತ್ತಾರೋ ನೋಡುವುದಷ್ಟೇ ಅವರ ಉದ್ದೇಶ.

ಎದುರಿಗೆ ಕಂಪನಿಯವಳ ಗತ್ತಿನಲ್ಲಿ ಕೂತಿದ್ದವಳು ಮೆರೆಲ್. ಜೊತೆಗೆ ಓದುವವಳು, ಜೊತೆಗೆ ಬಾಡಿಗೆಗೆ ಇದ್ದವಳು. ಅವಳಪ್ಪ ವಕೀಲ, ಅಣ್ಣ ಆಗಲೇ ಅಂಥದೇ ಒಂದು ಕಂಪನಿಯಲ್ಲಿದ್ದ.

"ಗಾಳಿಗೆ ಮುರಿದು ಹೋಗೋ ಕೊಡೇನ ಮರ್ತೇಬಿಟ್ಟೆ ನೀನು," ಎಂದಳು ಮೆರೆಲ್. "ಇಲ್ಲಿ ಮಳೆಗಿಂತ ಗಾಳಿನೇ ಕೊಡೆ ಮಾರ್ಸೋದು."

"ನಮ್ಮನೇಲಿ ಕೊಡೇನೇ ಇಲ್ಲ ಕಣೇ. ನೆನೆದ್ರೆ ಒಣಗ್ತೀಯ ಹೋಗು ಅಂತಾನೆ ನಮ್ಮಪ್ಪ."

"ಅದನ್ನ ಮಾತ್ರ ಅಲ್ಲಿ ಹೇಳ್ಬೇಡ ತಾಯಿ."

ಆಗ ಫೋನು ಬಂತು. ತಾಯಿ ಅಲೀದಾ.

"ಡಾಕ್ಟ್ರು ಬಂದು ಹೋದ್ರು," ಎಂದಳು. "ದಿನ ಇಟ್ಟಾಯ್ತು. ಈ ಗುರುವಾರ ಅಲ್ಲ, ಬರೋ ಗುರುವಾರ. ಮಧ್ಯಾಹ್ನ ಊಟ ಆದ್ಮೇಲೆ. ಬರ್ಕೋ."

ಬರ್ಕೋ ಎಂದದ್ದರಲ್ಲಿ ಕಟುಕತನವೇನಿರಲಿಲ್ಲ. ಆ ನಾಡಿನಲ್ಲಿ ತಂಗಿಯ ಮನೆಗೆ ಕಾಫಿಗೆ ಹೋಗುವುದಾದರೂ ದಿನ ಕೇಳಿ, ದಿನಚರಿಯಲ್ಲಿ ಬರೆದುಕೊಂಡು ಹೋಗಬೇಕು. ಹುಟ್ಟಿದ ದಿನಗಳ ಪಟ್ಟಿಯಂತೂ ಕಕ್ಕಸಿನ ಬಾಗಿಲ ಹಿಂದೆ ತೂಗುತ್ತಿರುತ್ತದೆ, ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳಲಿ ಎಂದು. ಬರೆದುಕೊಳ್ಳದೆ ನಡೆಯುವುದು ಅಲ್ಲಿ ಅಪಘಾತ ಒಂದೇ. ಅಲ್ಲಿನ ಕಾನೂನು ಒಪ್ಪುವ ದಯಾಮರಣ ಕೇಳಿದವನೂ ವೈದ್ಯರ ದಿನಚರಿಯಲ್ಲಿ ಒಂದು ಮಧ್ಯಾಹ್ನ ಹಿಡಿದುಕೊಳ್ಳಬೇಕು.

ಫೆನ್ನಾ ಸರಿ ಅವ್ವ ಎಂದು ಫೋನಿಟ್ಟು ದಿನಚರಿ ತೆಗೆದಳು. ಆ ಗುರುವಾರದ ಮೇಲೆ ಬೆಳಿಗ್ಗೆ ತಾನೇ ಬರೆದದ್ದಿತ್ತು: ಆಮ್‌ಸ್ಟರ್‌ಡಾಮ್, ಸಂದರ್ಶನದ ಕೊನೆಯ ಸುತ್ತು.

ಬೇರೆಂಡ್ ಹದಿನಾರನೇ ವಯಸ್ಸಿಗೇ ಕಾಲುವೆ ದಂಡೆಯ ಹಡಗು ಕಾರ್ಖಾನೆಗೆ ಸೇರಿದವನು. ಹಡಗಿನ ಹೊಟ್ಟೆಯೊಳಗೆ ತೂರಿ, ಬಿಸಿ ಹರಿಯುವ ಕೊಳವೆಗಳಿಗೆ ಕಲ್ನಾರಿನ ಪಟ್ಟಿ ಸುತ್ತುವುದು ಅವನ ಕೆಲಸ. ಬಿಳಿ ಧೂಳು ಹಿಟ್ಟಿನ ಗಿರಣಿಯ ಹಾಗೆ ಹಾರಾಡುತ್ತಿತ್ತು. ಹುಡುಗರು ಅದನ್ನೇ ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದು ಆಡುತ್ತಿದ್ದರು. ಆ ಧೂಳು ಎದೆಯೊಳಗೆ ಕೂತು ಮೂವತ್ತು ನಲವತ್ತು ವರ್ಷ ಬಿಟ್ಟು ರೋಗವಾಗಿ ಎದ್ದು ಬರುತ್ತದೆ ಎಂಬುದು ಮಾಲೀಕರಿಗೆ ಗೊತ್ತಿತ್ತು. ಕೆಲಸದವರಿಗೆ ಹೇಳಲಿಲ್ಲ, ಅಷ್ಟೇ. ಬೇರೆಂಡ್ ಎರಡು ಸಲ ಮುಷ್ಕರದಲ್ಲಿ ನಿಂತ. ಕೂಲಿಗಾಗಿ ಒಮ್ಮೆ, ಕಾರ್ಖಾನೆ ಮುಚ್ಚಬೇಡಿ ಎಂದು ಒಮ್ಮೆ. ಧೂಳಿಗಾಗಿ ಯಾರೂ ಮುಷ್ಕರ ಹೂಡಲಿಲ್ಲ. ಮುಷ್ಕರ ಹೂಡಬೇಕಿದ್ದದ್ದು ಅದಕ್ಕೇ ಎಂದು ತಿಳಿದಾಗ ಜೊತೆಯವರಲ್ಲಿ ಅರ್ಧ ಜನ ಮಣ್ಣಲ್ಲಿದ್ದರು. ಈಗ ಅದು ಬೇರೆಂಡ್‌ನ ಎದೆಯಲ್ಲೂ ಎದ್ದಿತ್ತು.

ಕಾರ್ಖಾನೆ ಮುಚ್ಚಿದ್ದು ಫೆನ್ನಾ ಪ್ರಾಥಮಿಕ ಶಾಲೆಯಲ್ಲಿದ್ದಾಗ. ಮುಚ್ಚುವ ಮುಂಚೆ ಸಲಹೆಗಾರರು ಬಂದಿದ್ದರು. ಇಪ್ಪತ್ತೈದರ ಆಸುಪಾಸಿನ ಹುಡುಗರು. ಗೀರು ಬೀಳದ ಹೊಸ ಶಿರಸ್ತ್ರಾಣ ಹಾಕಿಕೊಂಡು ಓಡಾಡಿದರು, ಎಲ್ಲರನ್ನೂ ವಿನಯದಿಂದ ಮಾತಾಡಿಸಿದರು, ಕಾಫಿ ಕುಡಿದ ಲೋಟವನ್ನು ತಾವೇ ತೊಳೆದಿಟ್ಟರು. ಹೋದ ಮೇಲೆ ಅವರ ವರದಿ ಬಂತು. ಆಮೇಲೆ ಬೀಗ ಬಂತು. ಆವತ್ತು ಊಟದ ಮೇಜಿನಲ್ಲಿ ಬೇರೆಂಡ್ ಬಯ್ಯಲಿಲ್ಲ. "ಆ ಹುಡುಗ್ರಿಗೆ ತಲೆ ಇತ್ತು," ಎಂದ. "ಎರಡೇ ವಾರದಲ್ಲಿ ನಮ್ಮನ್ನೆಲ್ಲ ಓದ್ಬಿಟ್ರು. ನಮ್ ಕಡೇಲೂ ಅಂಥ ತಲೆ ಒಂದಿರ್ಬೇಕಿತ್ತು." ಸಾರು ಬಡಿಸಿಕೊಳ್ಳುತ್ತಿದ್ದ ಮಗಳು ಅದನ್ನು ಕೇಳಿಸಿಕೊಂಡಳು.

ಮುಂದೆ ಅವಳು ಮಾಡಿದ್ದೆಲ್ಲ ಆ ಮಾತಿನ ಬೆನ್ನು ಹತ್ತಿಯೇ. ವಂಶದಲ್ಲೇ ಮೊದಲು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಳು. ವ್ಯವಹಾರಶಾಸ್ತ್ರ ಹಿಡಿದಳು. ಕಂಪನಿಗಳಿಗೆ ಅಂಕ ಸಾಲದು, ಸಂಘದ ಪದಾಧಿಕಾರಿಯಾಗಿ ದುಡಿದಿರಬೇಕು ಎಂದರು. ಒಂದು ವರ್ಷ ಓದು ನಿಲ್ಲಿಸಿ ವಿದ್ಯಾರ್ಥಿ ಸಂಘದ ಖಜಾಂಚಿಯಾದಳು. ಆ ವರ್ಷವಿಡೀ ಸಂಬಳವಿಲ್ಲ. ಸಂಜೆ ಸಂಘದ ಲೆಕ್ಕ, ಶನಿವಾರ ಭಾನುವಾರ ಅಂಗಡಿಯಲ್ಲಿ ಚೀಸು ಕೊಯ್ಯುವ ಕೆಲಸ. ಮೆರೆಲ್‌ಳಂಥವರಿಗೆ ಆ ವರ್ಷ ಬರೀ ಮೋಜು. ಮಾತಾಡುವ ಧಾಟಿ ಬದಲಾಗಬೇಕು ಎಂದರು. ಊರಿನ ಎಳೆತವನ್ನು ನಾಲಿಗೆಯಿಂದ ಕೆರೆದು ಹಾಕಿದಳು.

ವಿಶ್ವವಿದ್ಯಾಲಯದಲ್ಲಿ ಕೆಲಸದ ದಾರಿ ತೋರಿಸಲು ಶ್ರೀಮತಿ ಓಸಿಂಗಾ ಎಂಬ ಹಿರಿಯಳಿದ್ದಳು. ಅವಳು ಸುತ್ತು ಬಳಸಿ ಮಾತಾಡುವವಳಲ್ಲ.

"ನೋಡಮ್ಮ, ನೂರು ಜನ ಬಾಗಿಲು ತಟ್ಟಿದ್ರೆ ಒಬ್ರೋ ಇಬ್ರೋ ಒಳಗೆ ಹೋಗ್ತಾರೆ. ಹೋದವ್ರಲ್ಲೂ ಅರ್ಧ ಜನ ಎರಡು ಮೂರು ವರ್ಷಕ್ಕೆ ಸುಸ್ತಾಗಿ ಹೊರಗೆ ಬರ್ತಾರೆ. ತಟ್ಟಬೇಡ ಅನ್ನಲ್ಲ. ಬೇರೆ ಬಾಗಿಲೂ ತಟ್ಟು. ಆಸ್ಪತ್ರೆಗಳಿಗೆ ಯೋಜನೆ ಮಾಡೋರು ಬೇಕು, ನಗರಸಭೆಗೆ ಬೇಕು, ನೀರಿನ ಮಂಡಳಿಗೆ ಬೇಕು. ಕಾರ್ಖಾನೆ ಒಳಗೇ ಇದ್ದು ಅದನ್ನ ರಿಪೇರಿ ಮಾಡೋರೂ ಬೇಕು. ಸಣ್ಣ ಸಲಹಾ ಕಂಪನಿಗಳಿವೆ, ಲೆಕ್ಕ ತಪಾಸಣೆ ಇದೆ. ಅಲ್ಲಿ ಕಲ್ತು ಆಮೇಲೆ ದೊಡ್ಡದಕ್ಕೆ ಹೋದವ್ರೂ ಇದ್ದಾರೆ."

ಫೆನ್ನಾ ತಲೆಯಾಡಿಸಿ ಬಂದಳು. ಬೇರೆ ಯಾವುದಕ್ಕೂ ಅರ್ಜಿ ಹಾಕಲಿಲ್ಲ. ಎರಡನೇ ದಾರಿ ನೋಡಿಟ್ಟುಕೊಂಡವರು ಮೊದಲನೆಯದರಲ್ಲಿ ಎಡವುತ್ತಾರೆ ಎಂಬ ಮೂಢನಂಬಿಕೆ ಅವಳದು. ಬಡವರ ಮನೆಯಲ್ಲಿ ಛಲಕ್ಕೂ ಮೂಢನಂಬಿಕೆಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ದಿನ ಗೊತ್ತಾದ ಆ ವಾರದ ಶನಿವಾರ ಅವಳು ಮನೆಗೆ ಹೋದಳು. ನಡುಮನೆಯ ಕಿಟಕಿಯ ಪಕ್ಕಕ್ಕೆ ಆಸ್ಪತ್ರೆಯ ಮಂಚ ಬಂದು ಕೂತಿತ್ತು. ಬೇರೆಂಡ್ ಎರಡು ದಿಂಬಿಗೆ ಒರಗಿ, ಮೂಗಿಗೆ ಉಸಿರಿನ ನಳಿಗೆ ಸಿಕ್ಕಿಸಿಕೊಂಡು, ಹೊರಗೆ ಹೋಗಿಬರುವವರನ್ನು ನೋಡುತ್ತಿದ್ದ. ಎತ್ತಿನಂಥ ಆಳು, ಈಗ ಹಾಸಿಗೆಯಲ್ಲಿ ಬಿದ್ದ ಬೆರ್ಚಪ್ಪನ ಹಾಗಿದ್ದ.

"ಬಾರವ್ವ ಸಲಹೆಗಾರ್ತಿ," ಎಂದ. "ಕೂತ್ಕೋ. ಇವತ್ತು ಏನು ಲೆಕ್ಕ ತಂದಿದ್ದೀಯ?"

ಇದು ಅವರಿಬ್ಬರ ಆಟವಾಗಿತ್ತು. ಅವಳು ಕೇಳಬೇಕು, ಅವನು ಕಂಪನಿಯ ಯಜಮಾನನಾಗಿ ಜವಾಬು ಕೊಡಬೇಕು.

"ನಿಮ್ಮ ಹಡಗು ಕಂಪನಿ ನಷ್ಟದಲ್ಲಿದೆ ಯಜಮಾನ್ರೇ. ಆದಾಯ ಕಮ್ಮಿ ಆಯ್ತೋ, ಖರ್ಚು ಜಾಸ್ತಿ ಆಯ್ತೋ?"

"ಎರಡೂ ಅಲ್ಲ. ಮಾಲೀಕ ಕಳ್ಳ."

"ಹಂಗೆ ಹೇಳೋ ಹಾಗಿಲ್ಲ ಅಪ್ಪ. ಅಂಕಿ ಕೊಡ್ಬೇಕು."

"ಒಬ್ನೇ ಕಳ್ಳ. ತಗೋ ಅಂಕಿ."

ನಕ್ಕದ್ದಕ್ಕೆ ಕೆಮ್ಮು ಹತ್ತಿತು. ಕೆಮ್ಮು ಇಳಿಯುವ ತನಕ ಅಲೀದಾ ಅವನ ಬೆನ್ನು ಹಿಡಿದು ಕೂತಳು. ಆಮೇಲೆ ಮೂವರೂ ಕಾಫಿ ಕುಡಿದರು. ಅಲೀದಾ ಡಬ್ಬಿಯಿಂದ ಒಂದೊಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿದಳು, ಎಂದಿನ ಹಾಗೆ.

"ನಿಂದು ಯಾವತ್ತು?" ಎಂದು ಬೇರೆಂಡ್ ತಾನಾಗಿಯೇ ಕೇಳಿದ. "ಕೊನೇ ಸುತ್ತು ಅಂತಿದ್ಯಲ್ಲ."

ಫೆನ್ನಾ ಬಿಸ್ಕತ್ತು ನೋಡುತ್ತಾ, "ಗುರುವಾರ," ಎಂದಳು. "ನಿಂದೂ ಗುರುವಾರನೇ."

ಉಸಿರಿನ ಯಂತ್ರ ಗುಟುರು ಹಾಕುತ್ತಿತ್ತು. ಅವಳು ಜೇಬಿನಿಂದ ಫೋನು ತೆಗೆದಳು.

"ಅವರಿಗೆ ಫೋನ್ ಮಾಡ್ತೀನಿ ಅಪ್ಪ. ಇನ್ನೊಂದು ದಿನ ಕೊಡಿ ಅಂತ ಕೇಳ್ತೀನಿ."

"ಇಡು ಅದನ್ನ," ಎಂದ ಬೇರೆಂಡ್. "ಕೆಲ್ಸ ಕೊಡೋಕ್ ಮುಂಚೆನೇ ರಜ ಕೇಳೋಳನ್ನ ಯಾವನು ತಗೋತಾನೆ? ದಣಿಗಳ ಹತ್ರ ನಾನು ನಲವತ್ತು ವರ್ಷ ಸವೆದಿದ್ದೀನಿ. ಅವರ ಬಾಗ್ಲು ಒಂದೇ ಸಲ ತೆಗೆಯೋದು. ಡಾಕ್ಟ್ರು ನಮ್ಮವನು. ಅವನ ಹತ್ರ ಬೇಕಾದ್ರೆ ಕೇಳ್ಬಹುದು."

"ಅಪ್ಪ, ಅದು..."

"ನಂದೇನು ಅವಸರ ಇಲ್ಲ. ಹೋಗೋ ಜಾಗ ಎಲ್ಲೂ ಓಡಿಹೋಗಲ್ಲ."

ಫೆನ್ನಾ ಅಮ್ಮನ ಮುಖ ನೋಡಿದಳು. ಅಲೀದಾ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದಳು. ಫೋನು ಇನ್ನೂ ಫೆನ್ನಾಳ ಕೈಯಲ್ಲಿತ್ತು. ಇನ್ನೊಂದು ಮಾತು ಆಡಬಹುದಿತ್ತು. ಅಪ್ಪನನ್ನು ಬಯ್ದು, ಎದ್ದು ಹಿತ್ತಿಲಿಗೆ ಹೋಗಿ ಆ ಫೋನು ಮಾಡಬಹುದಿತ್ತು. ಅವಳು ಅದನ್ನು ಜೇಬಿಗೆ ಇಳಿಸಿದಳು. ಇಳಿಸುವಾಗ ಎದೆ ಹಗುರವಾಯಿತು. ಆ ಹಗುರವೇ ಮುಂದೆ ಅವಳ ಮೇಲೆ ಹೇರಾಗಿ ಕೂತದ್ದು.

ವೈದ್ಯ ವಿಸ್ಸಿಂಗ್ ಸೋಮವಾರ ಬಂದ. ಆ ಊರಿನ ಅರ್ಧ ಜನರನ್ನು ಹುಟ್ಟಿನಿಂದ ಬಲ್ಲವನು. ಟೋಪಿ ತೆಗೆಯದೆಯೇ ಮಂಚದ ತುದಿಗೆ ಕೂತ.

"ಬೇರೆಂಡ್, ಇದು ಹಲ್ಲು ಕೀಳ್ಸೋ ದಿನ ಅಲ್ಲ, ಮುಂದಕ್ಕೆ ಹಾಕ್ಕೊಂಡು ಕೂರೋಕೆ."

"ಹಲ್ಲಾಗಿದ್ರೆ ನಾನೇ ಇಕ್ಕಳ ಹಾಕಿ ಕಿತ್ಕೋತಿದ್ದೆ. ಡಾಕ್ಟ್ರೇ, ಹುಡುಗೀದು ಪರೀಕ್ಷೆ ಇದೆ."

"ಹಂಗಾದ್ರೆ ಬುಧವಾರ ಮಾಡೋಣ. ಒಂದು ದಿನ ಮುಂಚೆ."

"ಬುಧವಾರ ಅಪ್ಪ ಸತ್ತು, ಗುರುವಾರ ಅಲ್ಹೋಗಿ ಅವಳು ಕೊಡೆ ಎಣಿಸ್ಬೇಕಾ?"

ವಿಸ್ಸಿಂಗ್ ದಿನಚರಿ ತಿರುವಿದ. "ಶುಕ್ರವಾರದಿಂದ ನಾನು ಊರಲ್ಲಿರಲ್ಲ, ಮಗಳ ಮದುವೆ. ಸೋಮವಾರ ಆಗುತ್ತೆ. ಆದ್ರೆ ನಿನ್ನ ಎದೆ ನನ್ನ ದಿನಚರಿ ಕೇಳಲ್ಲ. ನಡುವೆ ಏನಾದ್ರೂ ಆದ್ರೆ ಬರೋನು ಪಾಳಿ ವೈದ್ಯ. ಅವನಿಗೆ ನೀನು ಯಾರು ಅಂತ ಗೊತ್ತಿರಲ್ಲ. ನೋವು ಇಳ್ಸಬಹುದು, ಅಷ್ಟೇ. ನಾವು ಮಾತಾಡ್ಕೊಂಡಿರೋದನ್ನ ಅವನು ಮಾಡಲ್ಲ, ಮಾಡೋ ಹಾಗೂ ಇಲ್ಲ. ತಿಳೀತಾ?"

"ತಿಳೀತು. ಗುರುವಾರ ಬೇಡ, ಸೋಮವಾರ."

ವಿಸ್ಸಿಂಗ್ ಅಲೀದಾಳ ಕಡೆ ನೋಡಿದ. ಅವಳು ಕಿಟಕಿಯ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ಅದಕ್ಕೆ ಆಗಲೇ ಒಮ್ಮೆ ಹಾಕಿಯಾಗಿತ್ತು. ವೈದ್ಯ ಗುರುವಾರವನ್ನು ಹೊಡೆದುಹಾಕಿ ಸೋಮವಾರದ ಮೇಲೆ ಬರೆದುಕೊಂಡ.

ಗುರುವಾರ ಫೆನ್ನಾ ನಸುಕಿನ ರೈಲು ಹಿಡಿದು ಆಮ್‌ಸ್ಟರ್‌ಡಾಮಿಗೆ ಹೋದಳು. ಕಂಪನಿಯ ಕಟ್ಟಡ ಪೂರ್ತಿ ಗಾಜು. ಮೂರು ಸಂದರ್ಶನ. ಮೊದಲ ಎರಡರಲ್ಲಿ ಅವಳು ಸೌದೆ ಸೀಳಿದಂತೆಯೇ ಸೀಳಿದಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಂಪನಿಯೊಂದು ಹೊಸ ಯಂತ್ರ ಕೊಳ್ಳಬೇಕೋ ಬೇಡವೋ. ಅವಳು ಬೇಡ ಎಂದಳು, ಯಾಕೆ ಎಂದೂ ಹೇಳಿದಳು. ಕೇಳಿದವಳು ಪೆನ್ನು ಕೆಳಗಿಟ್ಟು ಮೆಚ್ಚಿದಳು.

ಮೂರನೆಯವನು ಕಂಪನಿಯ ಪಾಲುದಾರ, ರೋಡೆರಿಕ್. ನರೆತ ಕೂದಲು, ಮೆತ್ತನೆಯ ಮಾತು. ಅಂಕಿ ಕೇಳಲಿಲ್ಲ.

"ಈ ಕೆಲ್ಸನೇ ಯಾಕೆ, ಫೆನ್ನಾ?"

ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದ ಉತ್ತರವನ್ನು ಒಪ್ಪಿಸಿದಳು. ಬಗೆಬಗೆಯ ಸಮಸ್ಯೆಗಳು, ಬೇಗ ಕಲಿಯುವ ಅವಕಾಶ, ಜೊತೆಗೂಡಿ ದುಡಿಯುವ ಸುಖ. ಹಡಗು ಕಾರ್ಖಾನೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು. ಅಂಥದ್ದನ್ನು ಅಲ್ಲಿ ಹೇಳಬಾರದು ಎಂದು ಕಲಿತಿದ್ದಳು. ರೋಡೆರಿಕ್ ಸ್ವಲ್ಪ ಹೊತ್ತು ಕಾದ, ಇನ್ನೇನಾದರೂ ಬರುತ್ತದೋ ಎಂದು. ಬರಲಿಲ್ಲ. ಕೈಕುಲುಕಿದ.

ವಾಪಸು ರೈಲು ಆಸ್ಸೆನ್ ನಿಲ್ದಾಣ ದಾಟುವಾಗ ಅವನ ಫೋನು ಬಂತು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಿರಿ ಎಂದ. ಆದರೆ ಇಡೀ ದಿನ ಕೂತು ಮಾತಾಡಿದರೂ ನೀವು ಯಾರು ಎಂದು ನಮಗೆ ಗೊತ್ತಾಗಲಿಲ್ಲ, ಗಾಜಿನ ಆ ಕಡೆ ಯಾರೋ ನಿಂತು ಮಾತಾಡಿದ ಹಾಗಿತ್ತು ಎಂದ. ಈ ಸಲ ಆಗಲಿಲ್ಲ, ಒಂದೂವರೆ ವರ್ಷ ಬಿಟ್ಟು ಮತ್ತೆ ಬನ್ನಿ, ಯಾವ ತಡೆಯೂ ಇಲ್ಲ. ಈ ಬಗ್ಗೆ ಬಿಡಿಸಿ ಮಾತಾಡಬೇಕಿದ್ದರೆ ಮುಂದಿನ ವಾರ ಫೋನ್ ಮಾಡಿ ಎಂದೂ ಹೇಳಿದ.

ಮನೆಗೆ ಬಂದಾಗ ಬೇರೆಂಡ್ ಎಚ್ಚರವಿದ್ದ. ಮುಖ ನೋಡಿಯೇ ತಿಳಿದುಕೊಂಡ.

"ಅವರಿಗೇ ನಷ್ಟ ಅಂತ ಸುಳ್ಳು ಹೇಳಲ್ಲ ನಾನು," ಎಂದ. "ನಷ್ಟ ನಮ್ಗೇ. ಅಳೋದಾದ್ರೆ ಈಗಲೇ ಅತ್ತುಬಿಡು, ಸೋಮವಾರ ನಂಗೆ ಬೇಕಾಗುತ್ತೆ ನಿನ್ನ ಕಣ್ಣೀರು."

ಅಳು ಬರುವ ಬದಲು ಅವಳಿಗೆ ನಗು ಬಂತು.

"ನೀರಿನ ಮಂಡಳಿಗೆ ಅರ್ಜಿ ಹಾಕು," ಎಂದ ಅವನು ಸ್ವಲ್ಪ ಸುಧಾರಿಸಿಕೊಂಡು. "ನಾವೆಲ್ಲ ಸಮುದ್ರಕ್ಕಿಂತ ಕೆಳಗೆ ಕೂತಿರೋ ಜನ. ನೀರು ಎತ್ತಿ ಹಾಕೋ ಕೆಲ್ಸ ಯಾವ ಸಲಹೆಗಾರನೂ ಮುಚ್ಚೋಕಾಗಲ್ಲ."

ಶುಕ್ರವಾರ ಶನಿವಾರ ಚೆನ್ನಾಗಿಯೇ ಕಳೆದವು. ಬೇರೆಂಡ್ ಹೊಗೆಹಾಕಿದ ಈಲು ಮೀನು ಕೇಳಿ ತರಿಸಿಕೊಂಡು ಒಂದು ತುಣುಕು ತಿಂದ. ಹಳೆಯ ಮುಷ್ಕರದ ಜೊತೆಗಾರರಿಬ್ಬರು ಬಂದು, ಸತ್ತವರನ್ನೂ ಬದುಕಿರುವವರನ್ನೂ ಒಂದೇ ಸಮ ಬಯ್ದು ಹೋದರು. ಸಂಜೆ ಅವನು ಮಗಳ ಕೈ ಹಿಡಿದುಕೊಂಡು ಕೂತಿದ್ದ. ಹಾಗೆ ಕೈ ಹಿಡಿಯುವ ವಾಡಿಕೆ ಆ ಮನೆಯಲ್ಲಿ ಇರಲಿಲ್ಲ. ಹಿಡಿತ ಬಿಗಿಯಾಗಿತ್ತು.

ಭಾನುವಾರ ಬೆಳಿಗ್ಗೆ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ, ಅವನ ಎದೆ ಕಟ್ಟಿತು. ಉಸಿರು ಒಳಗೆ ಹೋಗಲು ದಾರಿಯಿಲ್ಲದೆ ಗಂಟಲಲ್ಲಿ ಕರಗಸದ ಹಾಗೆ ಸದ್ದು ಮಾಡಿತು. ಅಲೀದಾ ಕಿಟಕಿಗಳನ್ನೆಲ್ಲ ತೆರೆದಳು. ಫೆನ್ನಾ ಪಾಳಿ ವೈದ್ಯರಿಗೆ ಫೋನು ಮಾಡಿದಳು. ಗಾಡಿ ಜಿಲ್ಲೆಯ ಇನ್ನೊಂದು ತುದಿಯಲ್ಲಿದೆ, ಹೊರಡುತ್ತೇವೆ ಎಂದರು. ವಿಸ್ಸಿಂಗ್‌ಗೆ ಮಾಡಿದಳು, ಮದುವೆಯ ಮನೆಯಲ್ಲಿ ಅವನ ಫೋನು ಎಲ್ಲಿತ್ತೋ, ಎತ್ತಲಿಲ್ಲ. ಬೇರೆಂಡ್‌ನ ಕಣ್ಣು ಅಗಲವಾಗಿ ತೆರೆದಿತ್ತು. ಪೂರ್ತಿ ಎಚ್ಚರವಿತ್ತು ಅವನಿಗೆ. ಕೈಯಿಂದ ಮಂಚದ ಕಂಬಿ ಬಡಿಯುತ್ತಿದ್ದ, ಹಡಗಿನ ಹೊಟ್ಟೆಯೊಳಗೆ ಸಿಕ್ಕಿಕೊಂಡವನು ಹೊರಗಿನವರಿಗೆ ಕೇಳಲಿ ಎಂದು ಬಡಿಯುವ ಹಾಗೆ. ಒಂದು ಸಲ ಅವನ ಬಾಯಿಂದ ವೈದ್ಯನ ಹೆಸರು ಅರ್ಧ ಬಂತು. ಅವನು ಅಷ್ಟೆಲ್ಲ ಕಾಗದಗಳಿಗೆ ಸಹಿ ಹಾಕಿದ್ದು, ಇಬ್ಬರು ವೈದ್ಯರ ಮುಂದೆ ಬಾಯಿಬಿಟ್ಟು ಕೇಳಿಕೊಂಡದ್ದು, ಎಲ್ಲ ಇಂಥ ಸಾವು ಬೇಡ ಎಂದೇ. ಅದೇ ಬಂತು.

ಪಾಳಿ ವೈದ್ಯೆ ಚಿಕ್ಕ ವಯಸ್ಸಿನವಳು. ಬಂದವಳೇ ಸೂಜಿ ಹಾಕಿದಳು. ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಆ ಮದ್ದು ಏರಿ ಅವನ ಕೈ ಕಂಬಿ ಬಿಡುವಷ್ಟರಲ್ಲಿ ಚರ್ಚು ಬಿಟ್ಟು ಜನ ಮನೆಗೆ ಹೋಗುತ್ತಿದ್ದರು. ಮಧ್ಯಾಹ್ನ ಬೇರೆಂಡ್ ಸತ್ತ. ಮಾರನೆಯ ದಿನ, ಗೊತ್ತಾದ ಹೊತ್ತಿಗೆ ಸರಿಯಾಗಿ ವಿಸ್ಸಿಂಗ್ ಬಂದು ಬಾಗಿಲಲ್ಲಿ ನಿಂತ. ಬೆಳಿಗ್ಗೆಯೇ ಸುದ್ದಿ ತಿಳಿದಿದ್ದರೂ ಬಂದಿದ್ದ. ಅಲೀದಾ ಅವನಿಗೆ ಕಾಫಿ ಕೊಟ್ಟಳು.

ಅಕ್ಕಪಕ್ಕದವರು ಹೆಣ ಹೊತ್ತರು. ಮಣ್ಣಾದ ಮೇಲೆ ಕಾಫಿ, ಕೇಕಿನ ಒಂದೊಂದು ತುಂಡು. ಮುಷ್ಕರದ ಹಳಬರು, ಮಾಲೀಕರ ಕಡೆಯವರು ಯಾರೂ ಬಾರದಿದ್ದದ್ದೇ ಒಳ್ಳೆಯದಾಯಿತು ಎಂದು ಮಾತಾಡಿಕೊಂಡರು.

ಆ ವಾರದ ಕೊನೆಯಲ್ಲಿ ಫೆನ್ನಾ ರೋಡೆರಿಕ್‌ಗೆ ಫೋನು ಮಾಡಿದಳು. ಯಾಕೆ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ. ದಿನಚರಿಯಲ್ಲಿ ಬರೆದುಕೊಂಡಿದ್ದಳು, ಮಾಡಿದಳು. ಅವನು ಮೆತ್ತಗೆ ಮಾತಾಡಿ ಸಂದರ್ಶನದಲ್ಲಿ ಕಂಡದ್ದನ್ನು ಒಂದೊಂದೇ ಹೇಳುತ್ತಾ ಹೋದ. ನಡುವೆ, ಆವತ್ತು ನಿಮ್ಮ ಮನಸ್ಸು ಬೇರೆಲ್ಲೋ ಇತ್ತೇ ಎಂದು ಕೇಳಿದ. ಅವಳು ನಡೆದದ್ದನ್ನು ಹೇಳಿದಳು. ದಿನ ಬದಲಾದದ್ದನ್ನೂ ಹೇಳಿದಳು.



"ನೀವು ಒಂದು ಫೋನ್ ಮಾಡ್ಬಹುದಿತ್ತಲ್ಲ," ಎಂದ ರೋಡೆರಿಕ್. "ನಾವು ಬದಲಾಯಿಸ್ತಿದ್ವಿ. ಕೇಳಿದವರಿಗೆಲ್ಲ ಬದಲಾಯಿಸಿ ಕೊಡ್ತೀವಿ. ಹೋದ ತಿಂಗಳು ಒಬ್ಬ ಹಿಮದ ಮೇಲೆ ಜಾರೋಕೆ ಹೋಗ್ಬೇಕು ಅಂತ ಕೇಳಿದ. ಕೊಟ್ವಿ."

ಅವನು ದುರುಳನಲ್ಲ. ನಿಜವಾಗಿಯೂ ಸಂಕಟಪಟ್ಟೇ ಹೇಳಿದ. ಕೇಳಿ ಪಡೆಯುವವರ ಮನೆಯಲ್ಲಿ ಹುಟ್ಟಿದವನಿಗೆ, ಕೇಳುವುದೂ ಒಂದು ಕಲಿಯಬೇಕಾದ ವಿದ್ಯೆ ಎಂಬುದು ಹೊಳೆಯುವುದಿಲ್ಲ. ಫೆನ್ನಾ ನಾಲಿಗೆ ತಿದ್ದಿಕೊಂಡಿದ್ದಳು, ಉಡುಪು ತಿದ್ದಿಕೊಂಡಿದ್ದಳು, ಕೊಡೆ ಎಣಿಸಲು ಕಲಿತಿದ್ದಳು. ಈ ಒಂದು ವಿದ್ಯೆ ಇದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಯುವವನ ದಿನವನ್ನು ಬದಲಾಯಿಸುವುದು ಅವರ ಮನೆಗೆ ಸುಲಭವಾಗಿ ಕಂಡಿತು, ದಣಿಯ ದಿನ ಬದಲಾಯಿಸುವುದು ಆಗದ ಮಾತಾಗಿ ಕಂಡಿತು. ಎಷ್ಟೋ ತಲೆಮಾರು ಬೆನ್ನು ಬಾಗಿಸಿ ದುಡಿದವರಿಗೆ ಮಾತ್ರ ಹಾಗೆ ಕಾಣುವುದು.

ಮೆರೆಲ್‌ಗೆ ಅಂಥದೇ ಇನ್ನೊಂದು ಕಂಪನಿಯಲ್ಲಿ ಕೆಲಸವಾಯಿತು. ಫೆನ್ನಾ ಕೆಲವು ತಿಂಗಳು ಎಲ್ಲಿಗೂ ಅರ್ಜಿ ಹಾಕಲಿಲ್ಲ, ಚೀಸಿನ ಅಂಗಡಿಯಲ್ಲೇ ಇದ್ದಳು. ಆಮೇಲೆ ಶ್ರೀಮತಿ ಓಸಿಂಗಾಳ ಬಾಗಿಲಿಗೆ ಹೋದಳು. ಆಕೆ ಹಳೆಯದನ್ನು ಎತ್ತಿ ಆಡಲಿಲ್ಲ, ಕುರ್ಚಿ ಎಳೆದು ಕೂರಿಸಿದಳು. ಆಸ್ಪತ್ರೆಯೊಂದು ಬೇಡ ಎಂದಿತು, ನಗರಸಭೆ ಜವಾಬೇ ಕೊಡಲಿಲ್ಲ, ನೀರಿನ ಮಂಡಳಿ ತೆಗೆದುಕೊಂಡಿತು. ಯಾವ ಪಂಪಿನ ಮನೆ ಯಾವಾಗ ರಿಪೇರಿಯಾಗಬೇಕು, ಯಾವುದು ಇನ್ನೆರಡು ವರ್ಷ ತಡೆಯುತ್ತದೆ ಎಂದು ಗೊತ್ತುಮಾಡುವ ಕೆಲಸ. ಬೂಟು ಹಾಕಿಕೊಂಡು ಕೆಸರಲ್ಲಿ ನಿಂತು ಪಂಪಿನವರ ಹತ್ತಿರ ಮಾತಾಡಬೇಕು, ಬಂದು ಲೆಕ್ಕ ಬರೆಯಬೇಕು. ಸಂಬಳ ಸಾಧಾರಣ, ಕತ್ತಲಾಗುವ ಮುಂಚೆ ಮನೆ. ಕೆಲಸ ಅವಳಿಗೆ ಒಗ್ಗಿತು. ಒಗ್ಗಿದ್ದೇ ಒಂದು ಚುಚ್ಚುವ ಮುಳ್ಳಾಯಿತು. ಇದು ಮೊದಲೇ ಸಿಗುತ್ತಿತ್ತಲ್ಲ, ಇದಕ್ಕೆ ಯಾರೂ ಗುರುವಾರ ಕೇಳಿರಲಿಲ್ಲವಲ್ಲ ಎಂದು.

ರೋಡೆರಿಕ್ ಹೇಳಿದ್ದ ಒಂದೂವರೆ ವರ್ಷ ಕಳೆದದ್ದು ಅವಳಿಗೆ ಗೊತ್ತಾಯಿತು. ಮತ್ತೆ ಅರ್ಜಿ ಹಾಕಲಿಲ್ಲ.

ರೋಡೆರಿಕ್ ಹೇಳಿದ್ದನ್ನು ಅವಳು ಅಮ್ಮನಿಗೆ ಹೇಳಿರಲಿಲ್ಲ. ಬೇರೆ ದಾರಿ ಇರಲಿಲ್ಲ ಎಂದು ನಂಬಿಕೊಂಡು ಅಲೀದಾ ಬದುಕುತ್ತಿದ್ದಾಳೆ, ಆ ಒಂದು ಊರುಗೋಲನ್ನೂ ಕಿತ್ತುಕೊಂಡರೆ ಅವಳು ತನ್ನ ಮುಖ ನೋಡುವುದಿಲ್ಲ ಎಂಬ ಭಯ. ಹೇಳದೆ ಆ ಮನೆಯ ಕಾಫಿ ಕುಡಿಯುವುದೂ ಕಳ್ಳತನದ ಹಾಗೆ ಅನಿಸತೊಡಗಿತ್ತು. ಒಂದು ಮಧ್ಯಾಹ್ನ, ಇಬ್ಬರೂ ಬಟಾಣಿ ಬಿಡಿಸುತ್ತಾ ಕೂತಿದ್ದಾಗ, ತಲೆ ಎತ್ತದೆ ಹೇಳಿಬಿಟ್ಟಳು.

"ಅವ್ವ, ಅವರು ದಿನ ಬದಲಾಯ್ಸ್‌ತಿದ್ರಂತೆ. ಒಂದು ಮಾತು ಕೇಳಿದ್ರೆ ಸಾಕಿತ್ತಂತೆ."

ಅಲೀದಾ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿದಳು.

"ಇದನ್ನ ಇಷ್ಟು ದಿನ ಒಬ್ಳೇ ಹೊತ್ಕೊಂಡು ತಿರುಗ್ತಿದ್ಯಾ?"

ಫೆನ್ನಾ ಇನ್ನೊಂದು ಕಾಯಿ ಎತ್ತಿಕೊಂಡಳು.

"ನಿಮ್ಮಪ್ಪ ಹೆದರಿದ್ದ ಕಣೇ," ಎಂದಳು ಅಲೀದಾ. "ದಿನ ಇಟ್ಟ ಸಂಜೆಯಿಂದಲೇ. ಡಾಕ್ಟ್ರು ಆಚೆ ಹೋದ್ರೋ ಇಲ್ವೋ, ಮಂಚದ ಮೇಲೆ ಕೂತು ಹಲ್ಲು ಕಟಕಟ ಅಂತ ನಡುಗ್ದ. ಬೇಡ ಅನ್ನೋಕೆ ನಾಚಿಕೆ. ಅಷ್ಟು ಗಟ್ಟಿಯಾಗಿ ಕೇಳಿ ತಗೊಂಡಿದ್ದನಲ್ಲ. ನೀನು ಬಂದು ಗುರುವಾರ ಅಂದೆ ನೋಡು, ಅವನಿಗೆ ಜೀವ ಬಂದ ಹಾಗಾಯ್ತು. ನಿನ್ನ ಹೆಸರಿಟ್ಕೊಂಡು ನಾಲ್ಕು ದಿನ ಮುಂದಕ್ಕೆ ತಳ್ಳಿದ. ಸೋಮವಾರ ಬಂದಿದ್ರೆ ಇನ್ನೊಂದೇನೋ ಹುಡುಕ್ತಿದ್ದ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ನೀನು."

"ಸಮಾಧಾನಕ್ಕೆ ಹೇಳೋದಾದ್ರೆ ಇದಕ್ಕಿಂತ ಚೆಂದದ್ದು ಹೇಳ್ತಿದ್ದೆ. ಬೇರೆಂಡ್ ಹೆದರಿ ಸತ್ತ ಅಂತ ಬಾಯಿಬಿಟ್ಟು ಹೇಳೋಕೆ ನಂಗೇನು ಹಬ್ಬವಾ?" ಅವಳು ಸಿಪ್ಪೆಗಳನ್ನು ಒಟ್ಟು ಮಾಡಿ ಹಳೇ ಪತ್ರಿಕೆಯ ಮೇಲೆ ಸುರಿದಳು. "ಡಾಕ್ಟ್ರು ನನ್ನ ಮುಖ ನೋಡಿದ್ರು. ಬೇಡ, ಗುರುವಾರನೇ ಆಗ್ಲಿ ಅನ್ನಬಹುದಿತ್ತು ನಾನು. ನಾಲ್ಕು ದಿನ ಜಾಸ್ತಿ ಸಿಗುತ್ತಲ್ಲ ಅಂತ ಹೂವಿಗೆ ನೀರು ಹಾಕ್ತಾ ನಿಂತೆ. ಎಲ್ಲಾನೂ ನೀನೇ ಎತ್ಕೊಬೇಡ. ನಂಗೂ ಅವನಿಗೂ ಸ್ವಲ್ಪ ಬಿಡು."

ಫೆನ್ನಾಗೆ ಆ ಭಾನುವಾರ ಕಣ್ಣಿಗೆ ಬಂತು, ಕಂಬಿ ಬಡಿಯುತ್ತಿದ್ದ ಕೈ ಬಂತು. ಹಂಚಿಕೊಂಡರೂ ಅದು ಕರಗುವಂಥದ್ದಾಗಿರಲಿಲ್ಲ.

"ಹೆದರಿದ್ದಾನೆ ಅಂತ ಗೊತ್ತಾಗಿದ್ರೆ ನಾನು ಆಮ್‌ಸ್ಟರ್‌ಡಾಮಿಗೆ ಹೋಗ್ತಾನೇ ಇರ್ಲಿಲ್ಲ ಅವ್ವ."

"ಅದಕ್ಕೇ ನಿಂಗೆ ಹೇಳ್ಲಿಲ್ಲ ಅವನು," ಎಂದಳು ಅಲೀದಾ.